ಅಳತೆಗೆ ಸಿಗದ ವೆಂಕಟಗಿರಿ

ಕಾಮಾಕ್ಷಿಪಾಳ್ಯದ ಊದಿನಕಡ್ಡಿ ಕಾರ್ಖಾನೆಗೆ ಗಡಿಯಾರ ಬಂದಿದ್ದು ಒಂದು ಸೋಮವಾರ. ವೆಂಕಟಗಿರಿಯ ಹೊಟ್ಟೆಗೆ ಬೆಂಕಿ ಬಿದ್ದಿದ್ದೂ ಅದೇ ಸೋಮವಾರ.

ಗಡಿಯಾರ ಅಂದರೆ ಗೋಡೆಗೆ ನೇತುಹಾಕೋದಲ್ಲ. ಗೋಡೆ ಗಡಿಯಾರ ತರೋಕೆ ಸಾಹುಕಾರರಿಗೆ ತಲೆಯೇನು ಕೆಟ್ಟಿತ್ತೇ? ಆಳುಗಳಿಗೆ ಹೊತ್ತು ಗೊತ್ತಾದರೆ ಹೊತ್ತಿಗೆ ಸರಿಯಾಗಿ ಎದ್ದು ಹೋಗಿಬಿಡ್ತಾರೆ. ಗಾಳಿ ಈ ಕಡೆ ಬೀಸಿದ ದಿನ ದೂರದ ಮಿಲ್ಲಿನ ಕೂಗು ಕೇಳಿಸೋದು. ಬೀಸದ ದಿನ ಸಾಹುಕಾರರು ‘ಇನ್ನೂ ಕೂಗಿಲ್ಲ’ ಅಂದರೆ ಕೂಗಿಲ್ಲ, ಅಷ್ಟೇ. ಈಗ ಬಂದಿದ್ದು ಅಂಗೈಯಲ್ಲಿ ಹಿಡಿಯೋ ಗಡಿಯಾರ. ನೆತ್ತಿಯ ಮೇಲೊಂದು ಗುಂಡಿ. ಒತ್ತಿದರೆ ಮುಳ್ಳು ಓಡುತ್ತೆ, ಮತ್ತೆ ಒತ್ತಿದರೆ ನಿಲ್ಲುತ್ತೆ. ಅದನ್ನು ಕಪ್ಪು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ಬಂದವರು ಸೋಮಲಿಂಗಪ್ಪನವರು. ಬೊಂಬಾಯಿಯಲ್ಲಿ ಅದನ್ನೇ ಓದಿಕೊಂಡು ಬಂದವರು, ಇನ್ನೂ ಮದುವೆಯಾಗದವರು, ಇಸ್ತ್ರಿ ಪ್ಯಾಂಟಿನ ಸಣಕಲು ಮನುಷ್ಯ. ಯಾರ ಕೈ ಎಷ್ಟು ಬೇಗ ಓಡುತ್ತೆ ಅಂತ ಅಳೆಯೋದೇ ಅವರ ಉದ್ಯೋಗ. ಬೆವರು ಸುರಿಸೋದು ಒಂದು ಕೆಲಸ, ಅದರ ಪಕ್ಕದಲ್ಲಿ ನೆರಳಲ್ಲಿ ನಿಂತು ಬೆವರು ಅಳೆಯೋದು ಇನ್ನೊಂದು ಕೆಲಸ, ಎರಡನೆಯದಕ್ಕೇ ಕುರ್ಚಿ ಹಾಕ್ತಾರೆ ಅನ್ನೋದು ನಮ್ಮ ಕಡೆಯವರಿಗೆ ಆಗಿನ್ನೂ ಹೊಸ ಸುದ್ದಿ.

ಅಂಥ ಸೋಮಲಿಂಗಪ್ಪನವರು ಅಳೆಯೋಕೆ ಆರಿಸಿಕೊಂಡಿದ್ದು ಸತ್ಯವತಿಯನ್ನು. ಸತ್ಯವತಿ ವೆಂಕಟಗಿರಿಯ ಹೆಂಡತಿ.

ಅವಳು ಹೆಂಗಸರ ಸಾಲಿನಲ್ಲಿ ಮಣೆ ಮುಂದೆ ಕೂತು ಕಡ್ಡಿ ಹೊಸೆಯೋಳು. ಬಿದಿರುಕಡ್ಡಿಗೆ ಕರಿ ಮಸಾಲೆ ಅಂಟಿಸಿ ಅಂಗೈಯಲ್ಲಿ ಒಮ್ಮೆ ಹೀಗೆ ಉರುಳಿಸಿದರೆ ಆಯಿತು, ಕಣ್ಣು ಮುಚ್ಚಿ ತೆಗೆಯೋದರಲ್ಲಿ ಕಡ್ಡಿ ಪಕ್ಕಕ್ಕೆ ಬಿದ್ದಿರೋದು. ವೆಂಕಟಗಿರಿ ಅಂಗಳದ ಆಚೆ ತುದಿಯ ಶೆಡ್ಡಿನಲ್ಲಿ ಆ ಮಸಾಲೆ ಕಲಸೋನು. ಇದ್ದಿಲಪುಡಿ, ಮರದ ಹೊಟ್ಟು, ಜಿಗಟು ಪುಡಿ, ನೀರು. ಮೊಣಕೈವರೆಗೂ ಕಪ್ಪು, ಮೂಗಿನೊಳಗೂ ಕಪ್ಪು. ಮದುವೆಯಾದಾಗಿನಿಂದ ಅವನು ಮನೆಯಲ್ಲಿ ದಿನಾ ಹೇಳಿಕೊಂಡು ಬಂದ ಮಾತು ಒಂದೇ:

“ನಾನು ಕಲಸ್ದೇ ಇದ್ರೆ ನಿನ್ನ ಕೈಯಾಗೆ ಏನೇ ಇರ್ತದೆ? ಬರೀ ಪೊರಕೆಕಡ್ಡಿ! ಇಡೀ ಕಾರ್ಖಾನೆ ನಿಂತಿರೋದು ಈ ಎರಡು ಕೈ ಮ್ಯಾಲೆ.”

ಸತ್ಯವತಿ ಅದಕ್ಕೆ ಎಂದೂ ಎದುರಾಡಿದವಳಲ್ಲ. ಸ್ವಂತ ಸೋದರಮಾವನನ್ನೇ ಕಟ್ಟಿಕೊಂಡವಳು, ಮಾವನ ಬಾಯಿ ಎಷ್ಟು, ಕೆಲಸ ಎಷ್ಟು ಅಂತ ಲಂಗ ಹಾಕೋ ಕಾಲದಿಂದ ಬಲ್ಲಳು.

ಈಗ ನೋಡಿದರೆ, ಕಾರ್ಖಾನೆ ಯಾವ ಎರಡು ಕೈ ಮೇಲೆ ನಿಂತಿತ್ತೋ ಆ ಕೈಗಳ ಕಡೆ ಒಂದು ನೊಣವೂ ತಿರುಗಿ ನೋಡಲಿಲ್ಲ. ಗಡಿಯಾರ ಹೋಗಿ ಸತ್ಯವತಿಯ ಬೆನ್ನ ಹಿಂದೆ ನಿಂತಿತು. ಸೋಮವಾರ ನಿಂತಿತು. ಮಂಗಳವಾರವೂ ನಿಂತಿತು. ಬುಧವಾರ ಅವಳಿಗೆ ನೀರು ಕುಡಿಯೋಕೆ ಹೊಸ ಲೋಟ ಬಂತು. ವೆಂಕಟಗಿರಿ ಶೆಡ್ಡಿನ ಬಾಗಿಲಲ್ಲಿ ನಿಂತು, ಕೈ ತೊಟ್ಟಿಯಲ್ಲಿ, ಕಣ್ಣು ಅಂಗಳದಾಚೆ, ಮಸಾಲೆ ಬದಲು ತನ್ನ ಹಲ್ಲನ್ನೇ ಅರೆದ.

ಬುಧವಾರ ಸಂಜೆ ಅವನು ಮುದ್ದೆ ಮುಟ್ಟಲಿಲ್ಲ.

“ಯಾಕ್ಲಾ, ಹುಷಾರಿಲ್ವಾ?” ಅಂದಳು ತಾಯಿ ಅಣ್ಣಮ್ಮ. ಅವಳು ವೆಂಕಟಗಿರಿಗೆ ತಾಯಿ, ಸತ್ಯವತಿಗೆ ಅಜ್ಜಿ. ಹಾಗಾಗಿ ಆ ಮನೆಯಲ್ಲಿ ಅತ್ತೆಯ ಕಾಟ ಅಂತ ಏನಾದರೂ ಇದ್ದರೆ ಅದು ಮಗನಿಗೇ.

“ಸಾರ್ ಹೇಳಿದ್ರಜ್ಜಿ,” ಸತ್ಯವತಿ ಒಲೆ ಊದುತ್ತಾ ಅಂದಳು, “ಇಂಥ ಕೈ ಓಟ ಅವರು ಬೊಂಬಾಯಾಗೂ ನೋಡಿಲ್ವಂತೆ.”

ವೆಂಕಟಗಿರಿ ತಟ್ಟೆ ತಳ್ಳಿದ. ತಟ್ಟೆ ಗೋಡೆಗೆ ಬಡಿಯಿತು. ಆ ಗೋಡೆಯ ಆಚೆ ಪಕ್ಕದಮನೆ ಅಂಜಮ್ಮ, ತನ್ನ ಸೊಸೆ ಏನು ಮಾಡ್ತಿದ್ದಾಳೆ ಅಂತ ತನಗೆ ತಿಳಿಯದಿದ್ದರೂ ಈ ಮನೆಯಲ್ಲಿ ಸಾರಿಗೆ ಉಪ್ಪು ಬಿತ್ತೋ ಇಲ್ಲವೋ ಅಂತ ತಿಳಿದಿರುತ್ತಿದ್ದ ಹೆಂಗಸು, ಕೈಲಿದ್ದ ಮೊರ ಕೆಳಗಿಟ್ಟು ಕಿವಿ ಗೋಡೆಗಿಟ್ಟಳು.

“ಆ ಪ್ಯಾಂಟಿನೋನು ನಿನ್ನ ಹಿಂದೆ ಯಾಕೆ ನಿಂತ್ಕೋಬೇಕು ಅಂತೀನಿ!” ವೆಂಕಟಗಿರಿ ಕಿರುಚಿದ. “ದಿನಾ ನಿನ್ನ ಕೈ ಯಾಕೆ ನೋಡ್ಬೇಕು? ಕಾರ್ಖಾನೇಲಿ ಬೇರೆ ಯಾರೂ ಮನುಷ್ಯರೇ ಇಲ್ವಾ?”

ಬೇರೆ ಮನುಷ್ಯರು ಅಂದರೆ ತಾನು. ಅದು ಅವನ ಮನಸ್ಸಿಗೆ ಗೊತ್ತು. ಗೋಡೆಗೆ ಗೊತ್ತಾಗೋದು ಹೇಗೆ?

ಗುರುವಾರ ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ಕೊಡಗಳು ಸಾಲಾಗಿ ಕೂತಿದ್ದವು, ತುಂಬಿದ್ದು ಮಾತ್ರ ಅಂಜಮ್ಮನ ಬಾಯಿ. “ಕಣ್ಣಾರೆ ಕಂಡೋಳಂಗೆ ಹೇಳ್ತೀನಿ ಕಣ್ರವ್ವಾ. ಯಾರೋ ಪ್ಯಾಂಟಿನೋನಂತೆ. ಹೊತ್ತುಟ್ಟಿದ್ರೆ ಆ ಹುಡುಗಿ ಕೈನೇ ನೋಡ್ಕಂಡು ನಿಂತವ್ನಂತೆ. ಗಂಡ ರಾತ್ರಿ ಒಂದು ತುತ್ತು ತಿನ್ನಲಿಲ್ಲ, ಪಾಪ. ತಟ್ಟೆ ಎಸೆದ. ಅಯ್ಯೋ, ಅತ್ತ!”

ಅತ್ತಿದ್ದು ಅಂಜಮ್ಮನ ಸ್ವಂತ ಸೇರ್ಪಡೆ. ಸುದ್ದಿ ಕಾಮಾಕ್ಷಿಪಾಳ್ಯ ಬಿಟ್ಟು ಮಾರೇನಹಳ್ಳಿ ಮುಟ್ಟೋ ಹೊತ್ತಿಗೆ ವೆಂಕಟಗಿರಿ ಅತ್ತು, ಎದೆ ಬಡಿದುಕೊಂಡು, ಮಚ್ಚು ಮಸೆದಿಟ್ಟಿದ್ದ.

ಇತ್ತ ವೆಂಕಟಗಿರಿ ಮಸೆಯುತ್ತಿದ್ದದ್ದು ಬೇರೆ. ಗಡಿಯಾರ ನನ್ನ ಹತ್ತಿರ ಬರದಿದ್ದರೆ ಬೇಡ, ನಾನೇ ಗಡಿಯಾರದ ಹತ್ತಿರ ಹೋಗ್ತೀನಿ ಅಂತ ತೀರ್ಮಾನಿಸಿದ. ತೊಟ್ಟಿಯನ್ನು ದರದರ ಎಳೆದು ತಂದು ಅಂಗಳದ ನಟ್ಟನಡುವೆ, ಸೋಮಲಿಂಗಪ್ಪನವರ ಕಣ್ಣೆದುರಿಗೇ ಇಟ್ಟ. ಅಂಗಿ ಬಿಚ್ಚಿದ. ಕಚ್ಚೆ ಬಿಗಿದ. ಶುರುಮಾಡಿದ ನೋಡಿ ಕಲಸೋಕೆ! ಅದು ಕಲಸೋದಲ್ಲ, ಗರಡಿ ಮನೆಯ ಸಾಮು. ಬಲಗೈಯಲ್ಲಿ ಒಂದು ಮುದ್ದೆ ತೆಗೆದು ಮೇಲಕ್ಕೆ ಎಸೆದು ಎಡಗೈಯಲ್ಲಿ ಹಿಡಿದ. ಎಡಗೈಯದು ಎಸೆದು ಬಲಗೈಯಲ್ಲಿ ಹಿಡಿದ. ಎರಡೂ ಒಟ್ಟಿಗೆ ಎಸೆದು ಒಂದನ್ನೂ ಹಿಡಿಯಲಿಲ್ಲ. ನೆಲಕ್ಕೆ ಬಿದ್ದಿದ್ದನ್ನು ಮಣ್ಣು, ಹುಲ್ಲು, ಹರಳು ಸಮೇತ ಬಾಚಿ ತೊಟ್ಟಿಗೆ ಹಾಕಿ ಮತ್ತೆ ಕಲಸಿದ. ನಡುನಡುವೆ ಕತ್ತು ತಿರುಗಿಸಿ ಸೋಮಲಿಂಗಪ್ಪನವರನ್ನು ನೋಡಿದ. ‘ಈಗಾದರೂ ಗುಂಡಿ ಒತ್ತೋ ಪುಣ್ಯಾತ್ಮ’ ಅನ್ನೋ ನೋಟ ಅದು.

ಸೋಮಲಿಂಗಪ್ಪನವರಿಗೆ ಕಂಡದ್ದೇ ಬೇರೆ. ಮೈಯೆಲ್ಲ ಕಪ್ಪು ಬಳಿದುಕೊಂಡ ಗಂಡಾಳೊಬ್ಬ ಹಲ್ಲು ಕಚ್ಚಿಕೊಂಡು, ಕಣ್ಣು ಕೆಂಪು ಮಾಡಿಕೊಂಡು, ತಲೆಗಾತ್ರದ ಉಂಡೆಗಳನ್ನು ತನ್ನ ದಿಕ್ಕಿಗೆ ಎಸೆಯುತ್ತಿದ್ದಾನೆ.

“ಅವನ್ಯಾರ್ರೀ?” ಅಂದರು ಮೆಲ್ಲಗೆ, ಪಕ್ಕದಲ್ಲಿದ್ದ ಜಯದೇವಿಗೆ. ಅವಳು ಸತ್ಯವತಿಯ ಪಕ್ಕದ ಮಣೆಯವಳು.

“ಅವ್ನಾ? ಸತ್ಯವತಿ ಗಂಡ ಸಾರ್,” ಅಂದಳು ಜಯದೇವಿ. ಆಮೇಲೆ ಸಮಾಧಾನ ಮಾಡೋ ಹಾಗೆ ಸೇರಿಸಿದಳು, “ಮಚ್ಚು ಮನೇಲೇ ಬಿಟ್ಟು ಬಂದವ್ನಂತೆ, ಹೆದ್ರಬೇಡಿ.”

ಸೋಮಲಿಂಗಪ್ಪನವರು ಅಂದು ಮಧ್ಯಾಹ್ನದಿಂದ ಕಂಬದ ಹಿಂದೆ ನಿಂತು, ಅರ್ಧ ಮುಖ ಮಾತ್ರ ಈಚೆ ಹಾಕಿ ಅಳೆಯತೊಡಗಿದರು. ಎಲ್ಲರ ಎದುರಿಗೇ ನಿಂತು ನೋಡಿದವನನ್ನೇ ಜನ ಬಿಟ್ಟಿರಲಿಲ್ಲ, ಕಂಬದ ಮರೆಯಿಂದ ಇಣುಕಿದವನನ್ನು ಬಿಡ್ತಾರೆಯೇ?

“ಇದೇನೇ ಮಸಾಲೆ ಇವತ್ತು ಹರಳು ಹರಳು?” ಅಂದಳು ಜಯದೇವಿ ಅಂಗೈ ಉಜ್ಜಿಕೊಳ್ಳುತ್ತಾ.

ಸತ್ಯವತಿ ತಲೆಯೆತ್ತಿ ಅಂಗಳದ ಕಡೆ ನೋಡಿದಳು. ಗಂಡ ಒಂದು ಉಂಡೆಯನ್ನು ಮೇಲಕ್ಕೆ ಎಸೆದು, ಅದು ಕೆಳಗೆ ಬರೋದರೊಳಗೆ ಒಂದು ಸುತ್ತು ತಿರುಗಿ, ಗಡಿಯಾರದ ಕಡೆ ಹಲ್ಲು ಕಿರಿಯುತ್ತಿದ್ದ. ಅವಳು ತುಂಬಾ ಹೊತ್ತು ನೋಡಿದಳು. ಅವಳ ತುಟಿಯ ಒಂದು ಕೊನೆ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು.

ಶುಕ್ರವಾರ ಸಂಜೆ ಮನೆಗೆ ಯಜಮಾನ ಮುನಿಯಣ್ಣನವರು ಬಂದರು. ಊರಿಗೆ ಹಿರಿಯರು. ಮೀಸೆ ಬೆಳ್ಳಗಾದ ಮೇಲೆ ಅದಕ್ಕೆ ತಕ್ಕ ಜಗಳಗಳು ಊರಲ್ಲಿ ಹುಟ್ಟುತ್ತಿಲ್ಲ ಅನ್ನೋದು ಅವರ ಕೊರಗಾಗಿತ್ತು. ಹಿಂದೆ ಏಳೆಂಟು ಜನ ನೆಂಟರು. ಎಲ್ಲರ ಮುಖದಲ್ಲೂ ಸಾವಿನ ಮನೆಗೆ ಹೊರಟ ಗಾಂಭೀರ್ಯ, ಒಳಗೆ ಮದುವೆ ಮನೆಯ ಉತ್ಸಾಹ.

“ವೆಂಕಟಗಿರಿ,” ಅಂದರು ಮುನಿಯಣ್ಣನವರು, “ನಾವೆಲ್ಲ ಇನ್ನೂ ಬದುಕಿದ್ದೀವಪ್ಪ. ನೀನೊಬ್ಬನೇ ನುಂಗ್ಕಂಡು ಕೂತ್ಕಬೇಡ.”

“ಅದು... ಹಂಗೇನಿಲ್ಲ ಯಜಮಾನ್ರೇ...”

“ನೋಡ್ರಪ್ಪಾ, ಹೆಂಗೆ ನುಂಗ್ಕತಾನೆ! ಇವನ ಜಾಗದಾಗೆ ನಾನಿದ್ದಿದ್ರೆ ಅವನ ಗಡಿಯಾರಾನ ಅವನಿಗೇ ನುಂಗಿಸ್ತಿದ್ದೆ. ನಿನಗೆ ಏನು ಉರೀತು, ನೀನೇ ಹೇಳು.”

ವೆಂಕಟಗಿರಿ ಬಾಯಿ ತೆರೆದ. ನಿಜ ನಾಲಿಗೆ ತುದಿಗೆ ಬಂದಿತ್ತು. ‘ಅವಳನ್ನ ಅಳೆದ್ರು, ನನ್ನನ್ನ ಅಳೀಲಿಲ್ಲ’ ಅಂತ ಇಷ್ಟು ಜನ ಗಂಡಸರ ಮುಂದೆ ಹೇಳೋದಾದರೂ ಹೇಗೆ? ಹೆಂಡತಿಯನ್ನು ಪರಗಂಡಸು ನೋಡಿದ ಅಂತ ಉರಿದುಕೊಂಡರೆ ಅವನು ಗಂಡಸು. ಹೆಂಡತಿಗೆ ಸಿಕ್ಕ ಮರ್ಯಾದೆ ತನಗೆ ಸಿಗಲಿಲ್ಲ ಅಂತ ಉರಿದುಕೊಂಡರೆ? ಅದಕ್ಕೆ ನಮ್ಮೂರಲ್ಲಿ ಇನ್ನೂ ಹೆಸರೇ ಇಟ್ಟಿರಲಿಲ್ಲ. ಅವನು ಬಾಯಿ ಮುಚ್ಚಿದ. ಕಣ್ಣಲ್ಲಿ ಹೊಗೆಗೋ ಏನೋ ನೀರು ಬಂತು.

“ಸಾಕು, ಸಾಕು,” ಅಂದರು ಮುನಿಯಣ್ಣನವರು ಅವನ ಬೆನ್ನು ತಟ್ಟಿ. “ಭಾನುವಾರ ಕಾರ್ಖಾನೆ ಅಂಗಳದಾಗೇ ನ್ಯಾಯ. ಸಾಹುಕಾರ್‍ರೂ ಬರ್ಲಿ, ಆ ಗಡಿಯಾರದೋನೂ ಬರ್ಲಿ. ತಪ್ಪು ಅಂತ ಕಂಡ್ರೆ ಹುಡುಗಿ ಆ ಕೆಲಸಕ್ಕೇ ಹೋಗಕೂಡದು.”

ನಿಜ ಹೇಳಬೇಕೆಂದರೆ ವೆಂಕಟಗಿರಿಗೆ ಇದೆಲ್ಲ ಒಳಗೊಳಗೇ ಹಿತವಾಗಿಯೇ ಇತ್ತು. ಹುಟ್ಟಿದಂದಿನಿಂದ ಯಾರೂ ಅವನಿಗೆ ‘ಕೂತ್ಕೋ’ ಅಂದವರಿಲ್ಲ. ಈಗ ಟೀ ಅಂಗಡಿಯವನು ಬೆಂಚು ಒರೆಸಿ ಕೂರಿಸುತ್ತಿದ್ದ.

ಜನ ಹೋದ ಮೇಲೆ ಸತ್ಯವತಿ ಬಾಗಿಲಿಗೆ ಅಡ್ಡ ನಿಂತಳು.

“ಮಾವ, ನನ್ನ ಮ್ಯಾಲೆ ನಿಂಗೆ ಅನುಮಾನವಾ?”

“ಥೂ! ಬಿಡ್ತು ಅನ್ನು.”

“ಮತ್ಯಾಕೆ ಉರ್ಕಂಡೆ?”

ವೆಂಕಟಗಿರಿ ಸೂರು ನೋಡಿದ.

“ನಂಗೆ ಗೊತ್ತು ಯಾಕೆ ಅಂತ. ಆದ್ರೆ ಊರಿಗೆ ಗೊತ್ತಿಲ್ಲ. ನಲ್ಲಿ ಹತ್ರ ಹೋದ್ರೆ ಕೊಡ ಸರಿಸ್ಕಂಡು ದೂರ ನಿಲ್ತಾರೆ. ಭಾನುವಾರ ಎಲ್ರ ಮುಂದೆ ನಿನ್ನ ಬಾಯಿಂದಲೇ ಬರಬೇಕು. ಬರ್ಲಿಲ್ಲ ಅಂದ್ರೆ...” ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಅಲ್ಲಿಂದ ಸೀದಾ ಕೆಂಗೇರಿಗೆ ಹೋಗ್ತೀನಿ, ನಮ್ಮವ್ವನ ಮನೆಗೆ. ಮತ್ತೆ ಬರಲ್ಲ.”

ಅವಳ ಅವ್ವ ಅಂದರೆ ವೆಂಕಟಗಿರಿಯ ಸ್ವಂತ ಅಕ್ಕ ಜಗದಾಂಬಾ. ಚಿಕ್ಕಂದಿನಲ್ಲಿ ಅವನಿಗೆ ತಲೆ ಬಾಚುತ್ತಿದ್ದ ಬಾಚಣಿಗೆಯಲ್ಲೇ ಬೆನ್ನಿಗೂ ಬಾರಿಸುತ್ತಿದ್ದವಳು. ಮದುವೆಯ ದಿನ ಧಾರೆ ಎರೆದು, ‘ನನ್ನ ಮಗಳ ಕಣ್ಣಾಗೆ ನೀರು ಬಂತೋ, ನಿನ್ನ ಕಣ್ಣು ಇರಲ್ಲ’ ಅಂತ ಹರಸಿದವಳು. ವೆಂಕಟಗಿರಿ ತನ್ನ ಬೆನ್ನು ಮುಟ್ಟಿ ನೋಡಿಕೊಂಡ. “ನಿಮ್ಮವ್ವನಿಗೆ ಯಾಕೆ ಸುಮ್ನೆ ತೊಂದ್ರೆ?” ಅಂದ.

“ನಿಮ್ಮಕ್ಕನ ಹತ್ರ ನಾನೂ ಹೋಗ್ತೀನಿ ಇವಳ ಜೊತೆ,” ಅಂದಳು ಒಳಗಿಂದ ಅಣ್ಣಮ್ಮ. “ನೀನು ನಿನ್ನ ಎರಡು ಕೈ ಮ್ಯಾಲೆ ನಿಂತ್ಕಂಡಿರು.”

ಭಾನುವಾರ ಕಾರ್ಖಾನೆಯ ಅಂಗಳ ತುಂಬಿತು. ಕೆಲಸದ ದಿನ ಹತ್ತು ಸಲ ಕರೆದರೂ ತಡವಾಗಿ ಬರೋ ಜನ ಅಂದು ಕರೆಯದೆ ಮೊದಲೇ ಬಂದಿದ್ದರು. ಸಾಹುಕಾರರು ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಸೋಮಲಿಂಗಪ್ಪನವರು ಕುರ್ಚಿಯ ಹಿಂದೆ ನಿಂತಿದ್ದರು, ಕೊರಳಿನ ಗಡಿಯಾರವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು. ಸತ್ಯವತಿ ಬಟ್ಟೆಗಂಟು ಕಂಕುಳಲ್ಲಿ ಇಟ್ಟುಕೊಂಡು ಗೇಟಿನ ಹತ್ತಿರವೇ ನಿಂತಿದ್ದಳು. ವೆಂಕಟಗಿರಿಗೆ ಬೇರೆ ಏನೂ ಕಾಣಿಸಲಿಲ್ಲ, ಆ ಗಂಟೊಂದು ಕಾಣಿಸಿತು.

ಮುನಿಯಣ್ಣನವರು ಒಣಗಿಸಿಟ್ಟ ಹೊಸ ಕಡ್ಡಿಗಳಲ್ಲಿ ಒಂದನ್ನು ತೆಗೆದುಕೊಂಡರು.

“ಗಡಿಯಾರದೋರು ಅವರ ಲೆಕ್ಕದಾಗೆ ಇರ್ಲಿ. ನಮ್ಮ ಲೆಕ್ಕ ಇದು. ಈ ಹುಡುಗಿ ಹೊಸೆದ ಕಡ್ಡಿ. ಇದನ್ನ ಹಚ್ಚಿ ಇಲ್ಲಿರೋ ದೇವರ ಪಟದ ಮುಂದೆ ನೆಡ್ತೀನಿ. ಇದು ಉರಿದು ಬೂದಿಯಾಗೋದ್ರೊಳಗೆ ಎಲ್ರೂ ನಿಜ ಹೇಳ್ಬೇಕು. ಆಮೇಲೆ ನಾನು ಹೇಳಿದ್ದೇ ಮಾತು.”

ಕಡ್ಡಿ ಹೊತ್ತಿತು. ಹೊಗೆ ಎದ್ದಿತು.

“ಏನ್ರೀ ಸ್ವಾಮಿ,” ಅಂದರು ಸೋಮಲಿಂಗಪ್ಪನವರ ಕಡೆ ತಿರುಗಿ, “ನಮ್ಮ ಮನೆ ಹೆಣ್ಣುಮಗಳ ಕೈ ಮ್ಯಾಲೆ ನಿಮಗ್ಯಾಕೆ ಕಣ್ಣು?”

ಸೋಮಲಿಂಗಪ್ಪನವರು ಕುರ್ಚಿಯ ಹಿಂದಿನಿಂದ ಈಚೆ ಬಂದರು. “ದೇವರಾಣೆ ಯಜಮಾನ್ರೇ, ನಾನು ಅವರ ಮುಖಾನೂ ಸರಿಯಾಗಿ ನೋಡಿಲ್ಲ! ಕೈ ಮಾತ್ರ. ಅದೂ ಸಾಹುಕಾರ್‍ರು ಹೇಳಿದ್ದಕ್ಕೆ. ಎಲ್ಲರಿಗಿಂತ ಜೋರಾಗಿರೋ ಕೈ ನೋಡಿ ಒಂದು ಗಂಟೆಗೆ ಎಷ್ಟಾಗುತ್ತೆ ಅಂತ ಅಳೀಬೇಕು, ಮುಂದಿನ ತಿಂಗಳಿಂದ ಎಲ್ಲ ಹೆಂಗಸರೂ ಅಷ್ಟೇ ಹೊಸೀಬೇಕು, ಹೊಸೀದೇ ಇದ್ರೆ ಕೂಲಿ ಕಟ್ ಅಂತ...”

“ಸೋಮಲಿಂಗಪ್ಪ!” ಅಂದರು ಸಾಹುಕಾರರು. ಹೊತ್ತು ಮೀರಿತ್ತು.

ಅಲ್ಲಿಯವರೆಗೆ ಮಜಾ ನೋಡೋಕೆ ಬಂದು ಕೂತಿದ್ದ ಹೆಂಗಸರ ಸಾಲಿನಲ್ಲಿ ಬಳೆಗಳು ಗಲ್ಲೆಂದವು. ಮೊದಲು ಜಯದೇವಿ ಎದ್ದಳು.

“ಏನಂದ್ರಿ? ಇವಳು ಓಡಿದ್ರೆ ನಾವೂ ಓಡ್ಬೇಕಾ? ನಂಗೆ ಒಂದು ಬೆರಳು ಮಡಚಕ್ಕೇ ಬರಲ್ಲ. ಅದನ್ನ ಅಳದ್ರಾ?”

“ನಮ್ಮ ಚಿಕ್ಕಲಕ್ಷ್ಮಮ್ಮ ಬಸುರಿ!” ಅಂತ ಕೂಗಿದಳು ಇನ್ನೊಬ್ಬಳು. “ಅವಳ ಗಡಿಯಾರ ಎಲ್ಲಿ?”

“ನೀರು ಕುಡಿಯಕ್ಕೆ ಹೊಸಾ ಲೋಟ ಬಂದಾಗಲೇ ನಂಗೆ ಅನುಮಾನ ಬಂತು ಕಣ್ರೇ,” ಅಂದಳು ಅಂಜಮ್ಮ. ಅವಳು ಆ ಕಾರ್ಖಾನೆಯಲ್ಲಿ ಕೆಲಸವನ್ನೇ ಮಾಡುತ್ತಿರಲಿಲ್ಲ.

ಹೆಂಗಸರೆಲ್ಲ ಎದ್ದು ನಿಂತರು. ನೋಡಲು ಬಂದವರು ಎಷ್ಟು ಬೇಗ ಕೇಳಲು ಬಂದವರಾದರು ಅನ್ನೋದನ್ನು ಅಳೆಯೋ ಗಡಿಯಾರ ಸೋಮಲಿಂಗಪ್ಪನವರ ಹತ್ತಿರ ಇರಲಿಲ್ಲ. ಸಾಹುಕಾರರು ಕುರ್ಚಿಯನ್ನು ಹಿಂದೆ ಹಿಂದೆ ಸರಿಸುತ್ತಾ ಗೋಡೆಗೆ ತಾಗಿದರು.

“ಕಡ್ಡಿ ಆರೋಯ್ತು!” ಅಂತ ಯಾರೋ ಕೂಗಿದರು.

ಎಲ್ಲರೂ ತಿರುಗಿದರು. ದೇವರ ಮುಂದಿನ ಕಡ್ಡಿ ಕಾಲುಭಾಗ ಉರಿದು ನಿಂತುಹೋಗಿತ್ತು. ಮುನಿಯಣ್ಣನವರು ಮತ್ತೆ ಹಚ್ಚಿದರು. ಹೊಗೆ ಬಂತು, ಚಟ್ ಅಂತು, ಆರಿತು. ಇನ್ನೊಂದು ಕಡ್ಡಿ ತಂದರು. ಅದೂ ಆರಿತು. ಮುನಿಯಣ್ಣನವರ ಬಿಳಿ ಮೀಸೆ ನಡುಗಿತು.

“ದೇವರು ಒಪ್ತಾ ಇಲ್ಲ! ಇಲ್ಲಿ ಯಾರೋ ಇನ್ನೂ ನಿಜ ಹೇಳಿಲ್ಲ.”

ಸತ್ಯವತಿ ಗಂಟನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿ ಗೇಟಿನ ಅಗಳಿಗೆ ಕೈ ಹಾಕಿದಳು.

“ನಾನು!” ಅಂತ ವೆಂಕಟಗಿರಿ ಅರಚಿದ. “ನಾನು ಹೇಳಿಲ್ಲ ಯಜಮಾನ್ರೇ! ಅವರು ಇವಳನ್ನ ನೋಡಿದ್ರು ಅಂತ ನಂಗೆ ಉರೀಲಿಲ್ಲ. ನನ್ನನ್ನ ನೋಡ್ಲಿಲ್ಲ ಅಂತ ಉರೀತು! ಒಂದಿನ, ಒಂದೇ ಒಂದಿನ ಬಂದು ನನ್ನ ಹಿಂದೆ ನಿಂತ್ಕಬಾರದಾಗಿತ್ತಾ? ನಾನು ಇಷ್ಟು ವರ್ಷದಿಂದ ಕಲಸ್ತಾ ಇದ್ದೀನಿ. ಅವಳಿಗೆ ಗಡಿಯಾರ, ಅವಳಿಗೆ ಲೋಟ, ನಂಗೆ ಏನು? ಅದಕ್ಕೇ ತೊಟ್ಟಿ ಈಚೆ ತಂದೆ. ಅದಕ್ಕೇ ಮ್ಯಾಲಕ್ಕೆ ಎಸೆದೆ. ಮಣ್ಣಾಗೆ ಬಿತ್ತು. ಬಾಚಿ ಹಾಕ್ದೆ!”

ಮುನಿಯಣ್ಣನವರು ಕೈಲಿದ್ದ ಕಡ್ಡಿಯನ್ನು ಮುರಿದು ನೋಡಿದರು. ಒಳಗೆ ಹರಳು.

ಮೊದಲು ನಕ್ಕಿದ್ದು ಅಣ್ಣಮ್ಮ. ಆಮೇಲೆ ಅಂಗಳಕ್ಕೆ ಅಂಗಳವೇ ನಕ್ಕಿತು. ಜಯದೇವಿ ನೆಲಕ್ಕೆ ಕೂತು ನಕ್ಕಳು. ಟೀ ಅಂಗಡಿಯವನು ‘ಇವನಿಗೇನಾ ನಾನು ಬೆಂಚು ಒರೆಸಿದ್ದು’ ಅಂತ ಹಣೆ ಚಚ್ಚಿಕೊಂಡು ನಕ್ಕ. ಅಂಜಮ್ಮ ಮಾತ್ರ ನಗಲಿಲ್ಲ. ಅಷ್ಟು ಚೆಂದದ ಸುದ್ದಿ ಹೀಗೆ ಹಾಳಾದದ್ದಕ್ಕೆ ಅವಳಿಗೆ ದುಃಖವಾಗಿತ್ತು. ಮುನಿಯಣ್ಣನವರಿಗೂ ಬೇಸರವೇ. ಆದರೂ ಮೀಸೆ ಒರೆಸಿಕೊಂಡು ತೀರ್ಪು ಕೊಟ್ಟರು: ಹುಡುಗಿಯದು ತಪ್ಪಿಲ್ಲ, ಗಡಿಯಾರದವರದು ಕಣ್ಣಿನ ತಪ್ಪಲ್ಲ, ಆದರೆ ಒಬ್ಬಳ ಕೈ ಹಿಡಿದು ಎಲ್ಲರ ಕತ್ತು ಅಳೆಯೋದು ಈ ಊರಲ್ಲಿ ನಡೆಯೋದಿಲ್ಲ.

ಹೆಂಗಸರೆಲ್ಲ ಮುಂದೆ ನಿಂತಿದ್ದರು, ಹಿಂದೆ ಗುರುವಾರದಿಂದೀಚೆಗೆ ಹೊಸೆದ ಮಾಲೆಲ್ಲ ಮಣ್ಣುಪಾಲಾಗಿ ಬಿದ್ದಿತ್ತು. ಸಾಹುಕಾರರು ಎರಡನ್ನೂ ನೋಡಿ ‘ಆಗಲಿ’ ಅಂದರು. ಸೋಮಲಿಂಗಪ್ಪನವರು ಸೋಮವಾರದಿಂದ ಆ ಕಡೆ ಸುಳಿಯಲಿಲ್ಲ. ರಾಜಾಜಿನಗರದಲ್ಲಿ ಹೊಸದಾಗಿ ಎದ್ದ ಯಾವುದೋ ಶೆಡ್ಡಿನಲ್ಲಿ ಅಳೆಯುತ್ತಿದ್ದಾರಂತೆ, ಗಂಡಸರನ್ನು ಮಾತ್ರ. ಆ ಸುದ್ದಿ ಕೇಳಿ ವೆಂಕಟಗಿರಿಗೆ ಮತ್ತೆ ಎರಡು ದಿನ ಊಟ ಸೇರಲಿಲ್ಲ.

ಅವನ ಕೆಲಸ ಉಳಿಯಿತು, ಹೆಂಗಸರು ಹಠ ಹಿಡಿದದ್ದಕ್ಕೆ. ಆದರೆ ಆ ಭಾನುವಾರವೇ ಕೆಟ್ಟ ಮಾಲನ್ನೆಲ್ಲ ಅವನ ತಲೆ ಮೇಲೇ ಹೊರಿಸಿ ಕಳಿಸಿದರು ಸಾಹುಕಾರರು. ಮೂಟೆಗಳನ್ನು ತಂದು ಪಡಸಾಲೆಯಲ್ಲಿ ಇಳಿಸಿ, ಅವನು ಗೋಡೆಗೆ ಒರಗಿ ಕೂತ.

“ಗಡಿಯಾರ ಹೋಯ್ತು,” ಅಂದ. “ನಾನು ಎಷ್ಟು ಜೋರು ಅಂತ ಇನ್ನು ಯಾರಿಗೂ ಗೊತ್ತಾಗಲ್ಲ ಬಿಡು.”

ಸತ್ಯವತಿ ಗಂಟು ಬಿಚ್ಚಿ ಬಟ್ಟೆಗಳನ್ನು ಗೋಡೆಯ ಗೂಟಕ್ಕೆ ಹಾಕಿದಳು. ಮೂಟೆಯಿಂದ ಒಂದು ಕಡ್ಡಿ ತೆಗೆದು, ಒಲೆಯ ಕೆಂಡಕ್ಕೆ ಹಿಡಿದು, ಬೀಸೋಕಲ್ಲಿನ ಪಕ್ಕ ನೆಟ್ಟಳು.

“ಅದಕ್ಯಾಕೆ ಮಾವ ಬೇಜಾರು? ನಾನು ಅಳೀತೀನಿ. ಈ ಕಡ್ಡಿ ಪೂರ್ತಿ ಉರಿಯೋದ್ರೊಳಗೆ ನೀನು ಎಷ್ಟು ರಾಗಿ ಬೀಸ್ತೀಯ, ನೋಡೇಬಿಡಣ.”

ವೆಂಕಟಗಿರಿಯ ಮುಖ ಅರಳಿತು. ಅಂಗಿ ಬಿಚ್ಚಿದ, ಕಚ್ಚೆ ಬಿಗಿದ. ಸತ್ಯವತಿ ಅವನ ಬೆನ್ನ ಹಿಂದೆ ಬಂದು, ಎರಡೂ ಕೈ ಕಟ್ಟಿಕೊಂಡು, ಥೇಟ್ ಸೋಮಲಿಂಗಪ್ಪನವರ ಹಾಗೆ ನಿಂತಳು. ಕಲ್ಲು ಗರಗರ ತಿರುಗಿತು. ಬಾಗಿಲಲ್ಲಿ ಅಂಜಮ್ಮ, ಅಂಜಮ್ಮನ ಹಿಂದೆ ಅರ್ಧ ಬೀದಿ. ಬೆವರು ಧಾರೆಯಾಗಿ ಇಳಿಯಿತು, ಹಿಟ್ಟು ಗುಡ್ಡೆಯಾಯಿತು. ಇಷ್ಟು ಸುಖ ಅವನು ಮದುವೆಯ ದಿನವೂ ಕಂಡಿರಲಿಲ್ಲ.

“ಮಾವ, ನಿಲ್ಸು,” ಅಂದಳು ಸತ್ಯವತಿ.

“ಎಷ್ಟಾಯ್ತು? ಜೋರಾಗೈತಾ?”

“ಕಡ್ಡಿ ಆರೋಗೈತೆ. ನೀನೇ ಕಲಸಿದ್ದಲ್ವಾ. ಈ ಲೆಕ್ಕ ಹಿಡಿಯಂಗಿಲ್ಲ. ಇನ್ನೊಂದು ಹಚ್ತೀನಿ, ಮೊದಲಿಂದ ಶುರು ಮಾಡು.”

ಒಳಗಿಂದ ಅಣ್ಣಮ್ಮ ಇನ್ನೊಂದು ಮೊರ ರಾಗಿ ತಂದು ಸುರಿದಳು. ವೆಂಕಟಗಿರಿ ಅಂಗೈಗೆ ಉಗುಳಿಕೊಂಡು ಕಲ್ಲಿನ ಗೂಟ ಹಿಡಿದ. ಪಡಸಾಲೆಯಲ್ಲಿ ಅಂಥ ಕಡ್ಡಿಗಳು ಇನ್ನೂ ಮೂಟೆಗಟ್ಟಲೆ ಬಿದ್ದಿದ್ದವು.